ಹದಿನಾಲ್ಕನೇ ಬೆಡ್‌ನ ಡ್ರಗ್ ಚಾರ್ಟ್

ವಾರ್ಡ್‌ನಲ್ಲಿ ರೌಂಡ್ಸ್ ಶುರುವಾಗುವುದು ಒಂಬತ್ತಕ್ಕೆ. ಅದಕ್ಕೆ ಮೊದಲು ಸಿಗುವ ಕಾಲು ಗಂಟೆಯಲ್ಲಿ ನನ್ನ ಫಾರ್ಮಸಿ ವಿದ್ಯಾರ್ಥಿಗಳ ಜೊತೆ ಒಂದು ಆಟ ಆಡುತ್ತೇನೆ. ಕೇಸ್ ಶೀಟ್‌ನ ಮೊದಲ ಪುಟಗಳನ್ನು ಮುಚ್ಚಿ ಹಿಡಿದು ಔಷಧಿಗಳ ಪಟ್ಟಿಯನ್ನಷ್ಟೇ ತೋರಿಸುತ್ತೇನೆ. ‘ಇದನ್ನು ನೋಡಿ ಕಾಯಿಲೆ ಯಾವುದು ಹೇಳಿ.’

ಆ ದಿನ ಕೈಗೆ ಸಿಕ್ಕಿದ್ದು ಹದಿನಾಲ್ಕನೇ ಬೆಡ್‌ನ ಚಾರ್ಟ್. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಮೆಟ್ರೊನಿಡಜೋಲ್ ಬಾಟಲಿ, ಪ್ಯಾಂಟೊಪ್ರಜೋಲ್, ಒಂಡಾನ್‌ಸೆಟ್ರಾನ್, ಡೈಕ್ಲೊಫೆನಾಕ್, ರಿಂಗರ್ ಲ್ಯಾಕ್ಟೇಟ್ ಡ್ರಿಪ್, ಹಳದಿ ಬಣ್ಣದ ಮಲ್ಟಿವಿಟಮಿನ್. ಕೊನೆಯಲ್ಲಿ ಮನೆಯಿಂದ ತಂದ ಎರಡು ಮಾತ್ರೆ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೊಕ್ಲೋರೊಥಯಾಜೈಡ್ ಬೆರೆತದ್ದು. ಒಬ್ಬ ಹುಡುಗಿ ಟೈಫಾಯ್ಡ್ ಎಂದಳು. ಇನ್ನೊಬ್ಬ ಅಮೀಬಾ ಎಂದ. ಮೂರನೆಯವನು ಹೊಟ್ಟೆಹುಣ್ಣು, ನಾಲ್ಕನೆಯವಳು ಸಂಧಿವಾತ. ಯಾರ ತರ್ಕದಲ್ಲೂ ದೋಷವಿಲ್ಲ. ಪಟ್ಟಿಯಲ್ಲಿದ್ದ ಔಷಧಿಗಳಿಗೆ ಇಷ್ಟೂ ಕಾಯಿಲೆ ಬೇಕು. ಕೇಸ್ ಶೀಟ್ ತೆರೆದರೆ ಇದ್ದದ್ದು ಒಂದೇ: ವಾಂತಿಭೇದಿ.

ಹದಿನಾಲ್ಕನೇ ಬೆಡ್‌ನ ಅಜ್ಜಿ ಒಬ್ಬರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಲವು ವರ್ಷ, ಹಲವು ವಾರ್ಡ್‌ಗಳಲ್ಲಿ ಕಂಡ ಕೇಸ್ ಶೀಟ್‌ಗಳ ತುಂಡು ಜೋಡಿಸಿ ಹೊಲಿದ ಕೌದಿ ಅವರು. ವಯಸ್ಸು 68, ತೂಕ 50 ಕೆ.ಜಿ., ಊರು ಮಂಡ್ಯದ ಕಡೆ. ಬೀಗರೂಟಕ್ಕೆ ಹೋಗಿ ಬಂದ ಮರುದಿನ ರಾತ್ರಿ ವಾಂತಿ ಶುರುವಾಯಿತು, ಬೆಳಗಾಗುವಷ್ಟರಲ್ಲಿ ನೀರುನೀರಾಗಿ ಭೇದಿ. ಊರಿನ ಕ್ಲಿನಿಕ್‌ನಲ್ಲಿ ಎರಡು ಬಾಟಲಿ ‘ಗ್ಲೂಕೋಸ್’ ಹಾಕಿಸಿಕೊಂಡರು. ಮೂರನೇ ದಿನ ನಡುರಾತ್ರಿ ನಮ್ಮಲ್ಲಿಗೆ ಬಂದಾಗ ರಕ್ತದೊತ್ತಡ 90/60, ನಾಡಿ 112. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತ್ತು. ಬೆಳಗಿನಿಂದ ಮೂತ್ರವೇ ಹೋಗಿಲ್ಲ ಎಂದರು ಮಗಳು.

ಇಂಥ ಪಟ್ಟಿಯನ್ನು ಕೂತು ಪರಿಶೀಲಿಸುವುದು ಒಬ್ಬರ ಕೆಲಸವೇ ಆಗಿರಬಹುದು ಎಂಬುದು ನಮ್ಮ ದೇಶಕ್ಕೆ ತಡವಾಗಿ ಹೊಳೆದ ವಿಚಾರ. ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು 1990ರ ದಶಕದ ಕೊನೆಯಲ್ಲಿ ಫಾರ್ಮಸಿ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಪಕ್ಕಕ್ಕೆ ಕರೆತಂದವು. 2008ರಲ್ಲಿ ದೇಶದಲ್ಲಿ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ಜಾರಿಗೆ ಬಂತು. ಈ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಅಮೆರಿಕದ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಮುಖ್ಯರು. ಔಷಧಿಯಿಂದ ರೋಗಿಗೆ ಏನಾಯಿತು ಎಂಬುದಕ್ಕೂ ಔಷಧಿ ಕೊಟ್ಟವರು ಹೊಣೆ ಹೊರಬೇಕು ಎಂದು 1990ರಲ್ಲಿ ಅವರು ಬರೆದರು. ವಾರ್ಡ್‌ನಲ್ಲಿ ಅದು ನಾಲ್ಕು ಪ್ರಶ್ನೆಯಾಗಿ ಇಳಿದು ಬಂದಿದೆ. ಈ ಔಷಧಿಗೆ ಇಲ್ಲಿ ಕೆಲಸವಿದೆಯೇ? ಇದ್ದರೆ ಆ ಕೆಲಸ ಮಾಡುತ್ತಿದೆಯೇ? ಮಾಡುತ್ತ ಬೇರೇನನ್ನಾದರೂ ಕೆಡಿಸುತ್ತಿದೆಯೇ? ಮನೆಗೆ ಹೋದ ಮೇಲೆ ರೋಗಿ ಅದನ್ನು ಹೇಳಿದಂತೆ ತೆಗೆದುಕೊಳ್ಳಬಲ್ಲರೇ?

ಕೇಳುವುದು ಸುಲಭ. ವಾಂತಿಭೇದಿಯಲ್ಲಿ ಉತ್ತರ ಕಷ್ಟವಾಗುವುದು ಯಾಕೆಂದರೆ, ದೇಹ ಗಂಟೆಗಂಟೆಗೆ ಬೇರೆಯಾಗುತ್ತಿರುತ್ತದೆ. ಭಾನುವಾರ ಒಳ್ಳೆಯದಾಗಿದ್ದ ಮಾತ್ರೆ ಬುಧವಾರ ಕೆಟ್ಟದ್ದಾಗಿರುತ್ತದೆ. ಮಾತ್ರೆ ಅದೇ, ಅದು ಬೀಳುತ್ತಿರುವ ದೇಹ ಬೇರೆ.

ಮೊದಲು ನೀರಿನ ವಿಷಯ, ಯಾಕೆಂದರೆ ಹದಿನಾಲ್ಕನೇ ಬೆಡ್‌ನಲ್ಲಿ ಜೀವ ಉಳಿಸಿದ ಔಷಧಿ ಅದೊಂದೇ. ಆದರೆ ಚಾರ್ಟ್‌ನಲ್ಲಿ ಅದು ಆರನೇ ಸಾಲಿನಲ್ಲಿತ್ತು. ಊರಿನ ಕ್ಲಿನಿಕ್‌ನ ಎರಡು ಬಾಟಲಿಗಳ ಲೆಕ್ಕ ನೋಡಿ. ಶೇ 5ರ ಗ್ಲೂಕೋಸ್ ದ್ರಾವಣದ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಉಪ್ಪು ಇಲ್ಲವೇ ಇಲ್ಲ. ಒಳಗೆ ಹೋದ ಸಕ್ಕರೆಯನ್ನು ಜೀವಕೋಶಗಳು ಬಳಸಿಕೊಳ್ಳುತ್ತವೆ, ಉಳಿದ ಬರೀ ನೀರು ದೇಹವೆಲ್ಲ ಹರಡಿಹೋಗುತ್ತದೆ. ಒಂದು ಲೀಟರ್ ಹಾಕಿದರೆ ರಕ್ತನಾಳದೊಳಗೆ ಉಳಿಯುವುದು ಹೆಚ್ಚುಕಡಿಮೆ 80 ಮಿಲಿಲೀಟರ್, ಅರ್ಧ ಲೋಟ ಕಾಫಿಯಷ್ಟು. ಉಪ್ಪಿರುವ ದ್ರಾವಣವಾದರೆ ಕಾಲು ಲೀಟರ್‌ನಷ್ಟು ಉಳಿಯುತ್ತದೆ. ನಮ್ಮ ಜನಕ್ಕೆ ಡ್ರಿಪ್ ಅಂದರೆ ಗ್ಲೂಕೋಸ್, ಗ್ಲೂಕೋಸ್ ಅಂದರೆ ಶಕ್ತಿ. ಭೇದಿಯಲ್ಲಿ ಸೋರಿ ಹೋಗುವುದು ಶಕ್ತಿಯಲ್ಲ, ಉಪ್ಪುನೀರು. ಅಜ್ಜಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತಲ್ಲ!

ನಮ್ಮ ಡ್ಯೂಟಿ ಡಾಕ್ಟರ್ ಇದನ್ನು ಸರಿಯಾಗಿ ಹಿಡಿದಿದ್ದರು. ತೀವ್ರ ನಿರ್ಜಲೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಕೆ.ಜಿ.ಗೆ 100 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್: ಮೊದಲ 30 ಮಿಲಿಲೀಟರ್ ಅರ್ಧ ಗಂಟೆಯಲ್ಲಿ, ಉಳಿದ 70 ಎರಡೂವರೆ ಗಂಟೆಯಲ್ಲಿ. ಐವತ್ತು ಕೆ.ಜಿ.ಯ ಅಜ್ಜಿಗೆ ಒಟ್ಟು ಐದು ಲೀಟರ್, ಅದರಲ್ಲಿ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯಲ್ಲೇ. ವಯಸ್ಸಾದವರಲ್ಲಿ ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬೀತೆಂಬ ಭಯವಿರುತ್ತದೆ. ಅದಕ್ಕೇ ಆಕೆ ಅರ್ಧ ಗಂಟೆಗೊಮ್ಮೆ ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ವೇಗ ಹೆಚ್ಚು ಕಡಿಮೆ ಮಾಡಿದ್ದರು. ಬೆಳಿಗ್ಗೆ ರಕ್ತದೊತ್ತಡ 110/70. ಮೂತ್ರದ ಚೀಲದಲ್ಲಿ ಕಡು ಹಳದಿಯ ನೀರು ಒಂದಿಷ್ಟು ಇಳಿದಿತ್ತು. ಔಷಧಿ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಕೊಡುವುದು ಆ ಚೀಲ. ಗಂಟೆಗೆ ಕೆ.ಜಿ.ಗೆ ಅರ್ಧ ಮಿಲಿಲೀಟರ್, ಅಂದರೆ ಇವರಿಗೆ 25 ಮಿಲಿಲೀಟರ್ ದಾಟಿದರೆ ನಾವು ನಿರಾಳವಾಗಿ ಉಸಿರಾಡಬಹುದು.

ವಾಂತಿ ನಿಂತಿದ್ದರಿಂದ ಮುಂದಿನದನ್ನು ಬಾಯಿಯಿಂದಲೇ ಕೊಡಬಹುದಿತ್ತು. ಆದರೆ ಚಾರ್ಟ್‌ನಲ್ಲಿ ಓಆರ್‌ಎಸ್ ಇರಲಿಲ್ಲ. ನಮ್ಮ ಮೊದಲ ತಿದ್ದುಪಡಿ, ಒಂದು ಔಷಧಿಯನ್ನು ಸೇರಿಸುವುದು! ವಿದ್ಯಾರ್ಥಿಗಳಿಗೆ ಇದು ಅಚ್ಚರಿ. ಪರಿಶೀಲನೆ ಎಂದರೆ ಬರೀ ಕತ್ತರಿ ಪ್ರಯೋಗ ಎಂದುಕೊಂಡಿರುತ್ತಾರೆ.

ಕರುಳಿನ ಒಳಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಒಂದು ಗ್ಲೂಕೋಸ್ ಕಣ ಬಂದರೆ ಅದರ ಜೊತೆ ಎರಡು ಸೋಡಿಯಂ ಕಣ ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೆ ನೀರು. ವಿಜ್ಞಾನಿ ರಾಬರ್ಟ್ ಕ್ರೇನ್ ಇದನ್ನು ಮೊದಲು ವಿವರಿಸಿದ್ದು 1960ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಕಲ್ಕತ್ತಾದ ಶಂಭುನಾಥ್ ದೇ ಕಾಲರಾದ ಭೇದಿಗೆ ಒಂದು ವಿಷವಸ್ತು ಕಾರಣ ಎಂದು ತೋರಿಸಿದ್ದರು. ಆ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತದೆ, ಆದರೆ ಗ್ಲೂಕೋಸ್‌ನ ಈ ಬಾಗಿಲನ್ನು ಮುಟ್ಟುವುದಿಲ್ಲ. ಮನೆಯ ಹಿತ್ತಿಲ ಗೋಡೆ ಬಿದ್ದಿದ್ದರೂ ಮುಂಬಾಗಿಲು ಸರಿಯಾಗಿದ್ದಂತೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್‌ಗೆ ಬಂದು ತುಂಬಿದಾಗ, ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಅಲ್ಲಿ ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಈಗಿನ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಕಣಗಳ ಲೆಕ್ಕದಲ್ಲಿ (ಲೀಟರ್‌ಗೆ ಮಿಲಿಮೋಲ್) ಸೋಡಿಯಂ 75, ಗ್ಲೂಕೋಸ್ 75, ಸರಿಸಮ. ಸಕ್ಕರೆ ಹೆಚ್ಚಾದರೆ ಅದೇ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಡಬ್ಬಿಯ ಮೇಲೆ ಓಆರ್‌ಎಸ್ ಎಂದು ಅಚ್ಚು ಹಾಕಿಕೊಂಡ ಸಿಹಿ ಪಾನೀಯಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆ ಹೆಸರು ಬಳಸದಂತೆ ತಡೆ ಹಾಕಿದ್ದು ಇದಕ್ಕೇ. ಸಕ್ಕರೆ ಕಾಯಿಲೆಯವರಿಗೆ ಇದು ಆಗುತ್ತದೆಯೇ ಎಂದು ಪ್ರತಿ ಬ್ಯಾಚ್‌ನಲ್ಲೂ ಒಬ್ಬರು ಕೇಳುತ್ತಾರೆ. ಆಗುತ್ತದೆ. ಲೀಟರ್‌ಗೆ ಹದಿಮೂರೂವರೆ ಗ್ರಾಂ ನೋಡಿ ಹೆದರಿ ಕಿಡ್ನಿ ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಕಿಡ್ನಿಯ ಮಾತು ಬಂದದ್ದರಿಂದ ಅಜ್ಜಿಯ ಪ್ಲಾಸ್ಟಿಕ್ ಕವರ್ ಬಿಚ್ಚೋಣ.

ಮನೆಯಲ್ಲಿ ಏನು ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಕೇಸ್ ಶೀಟ್ ನೋಡಿ ನಂಬುವಂತಿಲ್ಲ, ಕವರ್ ನೋಡಬೇಕು. ಅಜ್ಜಿಯ ದಿಂಬಿನ ಪಕ್ಕ ಜವಳಿ ಅಂಗಡಿಯ ಕವರ್ ಇತ್ತು.

‘ಯಾವ್ಯಾವ ಮಾತ್ರೆ ತಕೊಳ್ತೀರಜ್ಜಿ?’

‘ಬೀಪಿದೊಂದು, ಸಕ್ರೆದೊಂದು.’

‘ಬೇರೆ?’

‘ಬೇರೆ ಏನೂ ಇಲ್ಲ ಕಣಪ್ಪ.’

ಮಗಳು ಮಧ್ಯೆ ಬಾಯಿ ಹಾಕಿದರು. ‘ಮಂಡಿನೋವಿಂದು ಹೇಳವ್ವ.’

‘ಅದೂ ಒಂದು ಮಾತ್ರೇನಾ? ನೋವಿಗೆ ಅಷ್ಟೆ.’

ಕವರಿನ ತಳದಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟ ಐದು ಮಾತ್ರೆ, ಹೆಸರಿನ ಭಾಗ ಹರಿದುಹೋಗಿದ್ದವು. ಬೆಳ್ಳಿ ಹಾಳೆಯ ಹಿಂಬದಿಯಲ್ಲಿ ಉಳಿದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದೆವು: ಅಸೆಕ್ಲೊಫೆನಾಕ್. ದಿನಕ್ಕೆರಡು, ಬೀಗರೂಟದ ಓಡಾಟದಲ್ಲಿ ಮೂರು.

ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ಕೈಕಟ್ಟಿ ಕೂರುವುದಿಲ್ಲ. ಅದರ ಒಂದೊಂದು ಜರಡಿಗೂ ರಕ್ತ ತರುವ ಒಂದು ಕೊಳವೆ, ಒಯ್ಯುವ ಒಂದು ಕೊಳವೆ. ಹರಿವು ತಗ್ಗಿದರೆ ಬರುವ ಕೊಳವೆಯನ್ನು ಹಿಗ್ಗಿಸುತ್ತದೆ, ಹೋಗುವ ಕೊಳವೆಯನ್ನು ಬಿಗಿಯುತ್ತದೆ. ಹಾಗೆ ಜರಡಿಯಲ್ಲಿ ಒತ್ತಡ ಉಳಿಸಿಕೊಂಡು ಸೋಸುತ್ತ ಇರುತ್ತದೆ. ಅಸೆಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬರುವ ಕೊಳವೆ ಹಿಗ್ಗದಂತೆ ತಡೆಯುತ್ತದೆ. ಟೆಲ್ಮಿಸಾರ್ಟಾನ್ ಹೋಗುವ ಕೊಳವೆಯ ಬಿಗಿ ಸಡಿಲಿಸುತ್ತದೆ. ಹೈಡ್ರೊಕ್ಲೋರೊಥಯಾಜೈಡ್ ಇದ್ದಬದ್ದ ಉಪ್ಪುನೀರನ್ನೂ ಮೂತ್ರಕ್ಕೆ ತಳ್ಳುತ್ತದೆ. ಒಂದೊಂದೂ ಬೇರೆ ದಿನ ಒಳ್ಳೆಯ ಔಷಧಿಯೇ. ಟೆಲ್ಮಿಸಾರ್ಟಾನ್ ಅಂತೂ ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಪಾಡಲೆಂದೇ ಕೊಡುವಂಥದ್ದು. ಭೇದಿಯ ದಿನ ಮೂರೂ ಸೇರಿದರೆ ಕಿಡ್ನಿಯ ಎರಡೂ ಕೈ ಹಿಂದಕ್ಕೆ ಕಟ್ಟಿ ಹೊಡೆದ ಹಾಗೆ. ಇಷ್ಟರ ಮೇಲೆ ಮೈಕೈ ನೋವು ಎಂದಿದ್ದಕ್ಕೆ ರಾತ್ರಿ ನಮ್ಮವರೇ ಒಂದು ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟಿದ್ದರು. ಅಸೆಕ್ಲೊಫೆನಾಕ್‌ನ ಅಣ್ಣ!

ಕಿಡ್ನಿ ಸೋಸಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 2.0 ಇತ್ತು. ಲ್ಯಾಬ್ ಹಾಳೆಯಲ್ಲಿ ಪಕ್ಕದಲ್ಲೊಂದು ಸಣ್ಣ ನಕ್ಷತ್ರ, ಅಷ್ಟೆ. ಆ 2.0 ಎಷ್ಟು ಭಾರದ್ದು ಎಂದು ತಿಳಿಯಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಕೊಟ್ಟ ಸೂತ್ರ ಹಿಡಿಯಬೇಕು. 140ರಿಂದ ವಯಸ್ಸು 68 ಕಳೆದರೆ 72. ಅದನ್ನು ತೂಕ 50ರಿಂದ ಗುಣಿಸಿದರೆ 3,600. ಕ್ರಿಯಾಟಿನಿನ್ ಎರಡನ್ನು 72ರಿಂದ ಗುಣಿಸಿದರೆ 144. ಭಾಗಿಸಿದರೆ 25, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ 21. ಗಟ್ಟಿಮುಟ್ಟಾದ ಹರೆಯದವರ ಕಿಡ್ನಿ ನಿಮಿಷಕ್ಕೆ ನೂರು ಮಿಲಿಲೀಟರ್ ಆಸುಪಾಸು ಸೋಸಿದರೆ ಅಜ್ಜಿಯದು 21. ಕ್ರಿಯಾಟಿನಿನ್ ಇನ್ನೂ ಏರುತ್ತಿರುವಾಗ ಈ ಲೆಕ್ಕವೂ ಮುಖಸ್ತುತಿಯೇ, ನಿಜ ಇನ್ನೂ ಕಡಿಮೆ ಇರುತ್ತದೆ. ಮೆಟ್‌ಫಾರ್ಮಿನ್ ದೇಹದಿಂದ ಹೊರಹೋಗುವುದು ಕಿಡ್ನಿಯ ದಾರಿಯಲ್ಲೇ. ಸೋಸುವಿಕೆ 30ಕ್ಕಿಂತ ಕೆಳಗಿದ್ದರೆ ಅದನ್ನು ಕೊಡಕೂಡದು, ಉಳಿದು ಕೂತರೆ ಅಪರೂಪಕ್ಕಾದರೂ ರಕ್ತ ಆಮ್ಲವಾಗುವ ಅಪಾಯವಿದೆ. ಅಷ್ಟೇ ಅಲ್ಲ, ಮೆಟ್‌ಫಾರ್ಮಿನ್ ತಾನೇ ಭೇದಿ ಮಾಡಿಸುವ ಮಾತ್ರೆ. ಮನೆಯ ಮಾತ್ರೆ ಎರಡನ್ನೂ ನಿಲ್ಲಿಸಿ, ಸಕ್ಕರೆಗೆ ಸದ್ಯಕ್ಕೆ ಇನ್ಸುಲಿನ್, ನೋವಿಗೆ ಪ್ಯಾರಾಸಿಟಮಾಲ್ ಎಂದು ಸಲಹೆ ಬರೆದೆವು.

ಆಂಟಿಬಯಾಟಿಕ್‌ಗಳ ಬಗ್ಗೆ ಜಗಳ ಹೆಚ್ಚು. ಅವು ಬೇಕೇ ಬೇಡವೇ ಎಂದು ಅಂದಾಜಿಸಲು ಊಟಕ್ಕೂ ವಾಂತಿಗೂ ನಡುವಿನ ಗಂಟೆಗಳು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ. ಉಂಡು ಒಂದರಿಂದ ಆರು ಗಂಟೆಯೊಳಗೆ ವಾಂತಿಯಾದರೆ ವಿಷ ಅಡುಗೆಯಲ್ಲೇ ತಯಾರಾಗಿತ್ತು ಎಂದರ್ಥ, ಸ್ಟ್ಯಾಫಿಲೊಕಾಕಸ್‌ನ ಕೈವಾಡ ಹೆಚ್ಚಾಗಿ. ಎಂಟರಿಂದ ಹದಿನಾರು ಗಂಟೆಗೆ ಹೊಟ್ಟೆ ನುಲಿದು ಭೇದಿಯಾದರೆ, ಬೇಯಿಸಿ ಹಾಗೇ ಬೆಚ್ಚಗೆ ಬಿಟ್ಟ ಮಾಂಸದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮೇಲೆ ಅನುಮಾನ. ಬೀಗರೂಟದ ಹಂಡೆಗಳಿಗೆ ಇದು ತಕ್ಕ ಅತಿಥಿ. ಅಜ್ಜಿಗೆ ಶುರುವಾಗಿದ್ದು ಸುಮಾರು ಮೂವತ್ತು ಗಂಟೆ ಕಳೆದ ಮೇಲೆ. ನೊರೊವೈರಸ್ ಇರಬಹುದು, ಕರುಳಿಗೆ ಇಳಿದು ನೆಲೆಯೂರಿದ ಬ್ಯಾಕ್ಟೀರಿಯಾ ಇರಬಹುದು. ಮಲದಲ್ಲಿ ರಕ್ತವಿಲ್ಲ, ಜ್ವರ ನೂರರ ಒಳಗೆ. ಇಂಥ ನೀರುಭೇದಿ ದೊಡ್ಡವರಲ್ಲಿ ಬಹುಪಾಲು ತಾನಾಗಿ ನಿಲ್ಲುತ್ತದೆ, ವೈರಸ್ ಆದರೆ ಆಂಟಿಬಯಾಟಿಕ್‌ಗೆ ಕೆಲಸವೇ ಇಲ್ಲ.

ಹಾಗಂತ ರಾತ್ರಿ ಎರಡು ಗಂಟೆಗೆ, ಬಿ.ಪಿ. ಬಿದ್ದಿರುವ, ಸಕ್ಕರೆ ಕಾಯಿಲೆಯ ಮುದುಕಿಯ ಮುಂದೆ ನಿಂತ ಡಾಕ್ಟರ್ ಸೆಫ್ಟ್ರಿಯಾಕ್ಸೋನ್ ಬರೆದರೆ ನಾನು ತಪ್ಪು ಎನ್ನಲಾರೆ. ರಕ್ತಕ್ಕೆ ಸೋಂಕು ಏರಿರಬಹುದಾದ ಅನುಮಾನವನ್ನು ಅಲ್ಲಗಳೆಯುವಂತಿರಲಿಲ್ಲ. ಸೆಫ್ಟ್ರಿಯಾಕ್ಸೋನ್ ಪಿತ್ತರಸದ ಮೂಲಕವೂ ಹೊರಹೋಗುವುದರಿಂದ ಕಿಡ್ನಿ ಸೋತರೂ ಸಾಮಾನ್ಯವಾಗಿ ಡೋಸ್ ತಗ್ಗಿಸಬೇಕಿಲ್ಲ. ಮೊದಲ ಡೋಸ್‌ಗೆ ಮುಂಚೆ ರಕ್ತ ಮತ್ತು ಮಲದ ಕಲ್ಚರ್ ಕಳಿಸಿದ್ದರು, ಅದಂತೂ ಬಹಳ ಕಡೆ ಮರೆತುಹೋಗುವ ಕೆಲಸ. ನನ್ನ ತಕರಾರು ಮೆಟ್ರೊನಿಡಜೋಲ್ ಮೇಲೆ. ಅಮೀಬಾದ ಆಮಶಂಕೆಗೆ ಅದು ಒಳ್ಳೆಯ ಮದ್ದು, ಇಲ್ಲಿ ಆಮವೂ ಇಲ್ಲ, ರಕ್ತವೂ ಇಲ್ಲ, ಸೂಕ್ಷ್ಮದರ್ಶಕದಲ್ಲಿ ಅಮೀಬಾವೂ ಕಂಡಿಲ್ಲ. ನಮ್ಮ ಕಡೆ ಭೇದಿ ಅಂದರೆ ಎರಡು ಔಷಧಿ ಜೋಡೆತ್ತಿನಂತೆ ಹೊರಡುತ್ತವೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಅಮೀಬಾಗೆ, ಯಾವುದಿದ್ದರೂ ಇರಲಿ ಎಂದು. ಒಂದೇ ಮಾತ್ರೆಯಲ್ಲಿ ಎರಡನ್ನೂ ಬೆರೆಸಿ ಮಾರುವವರು ಆ ಅಭ್ಯಾಸಕ್ಕೆ ನೀರೆರೆದಿದ್ದಾರೆ. ಬಾಯಲ್ಲಿ ತಾಮ್ರ ಚಪ್ಪರಿಸಿದ ರುಚಿ, ಓಕರಿಕೆ ಇವು ಮೆಟ್ರೊನಿಡಜೋಲ್‌ನ ಕೊಡುಗೆ, ಆ ಓಕರಿಕೆಗೆ ಇನ್ನೊಂದು ಒಂಡಾನ್‌ಸೆಟ್ರಾನ್. ಹೀಗೆ ಚಾರ್ಟ್ ತನ್ನಷ್ಟಕ್ಕೆ ಸಂಸಾರ ಬೆಳೆಸುತ್ತದೆ.

ಆಂಟಿಬಯಾಟಿಕ್ ತಾನೇ ಭೇದಿ ಹುಟ್ಟಿಸುವ ಕಥೆಯೂ ಇದೆ. ಕರುಳಿನ ನೆಲೆವಾಸಿ ಬ್ಯಾಕ್ಟೀರಿಯಾಗಳು ನಾಶವಾದಾಗ ಖಾಲಿ ಜಾಗಕ್ಕೆ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ನುಗ್ಗುತ್ತದೆ. ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಕಾಣುವ ಕೆಟ್ಟ ಭೇದಿಗೆ ಅದು ಕಾರಣ ಎಂದು ಗೊತ್ತಾದದ್ದು 1978ರಲ್ಲಿ. ಸೆಫ್ಟ್ರಿಯಾಕ್ಸೋನ್ ಕುಟುಂಬ ಅದಕ್ಕೆ ದಾರಿ ಮಾಡಿಕೊಡುವವರಲ್ಲಿ ಒಂದು. ಡಿಫಿಸಿಲ್ ಭೇದಿಯ ಚಿಕಿತ್ಸೆಯಲ್ಲೊಂದು ಚಂದದ ತಿರುವು ಇದೆ. ವ್ಯಾಂಕೊಮೈಸಿನ್ ಎಂಬ ಔಷಧಿಯನ್ನು ಬಾಯಿಯಿಂದ ಕೊಟ್ಟರೆ ಅದು ಬಹುಮಟ್ಟಿಗೆ ರಕ್ತಕ್ಕೆ ಸೇರುವುದೇ ಇಲ್ಲ. ಬೇರೆ ಬಹುಪಾಲು ಸೋಂಕುಗಳಲ್ಲಿ ಅದು ದೋಷ, ಇಲ್ಲಿ ಅದೇ ಗುಣ, ಯಾಕೆಂದರೆ ಶತ್ರು ಇರುವುದು ಕರುಳಿನೊಳಗೆ. ಇದೇ ಕಾಯಿಲೆಗೆ ಅದನ್ನು ರಕ್ತನಾಳಕ್ಕೆ ಚುಚ್ಚಿದರೆ ಕರುಳಿಗೆ ತಲುಪದೆ ವ್ಯರ್ಥ.

ಪ್ಯಾಂಟೊಪ್ರಜೋಲ್‌ಗೆ ಹೆಚ್ಚು ಹೊತ್ತು ಬೇಡ. ಆಸ್ಪತ್ರೆಗೆ ಸೇರಿದವರಿಗೆ ಅದು ತಾಂಬೂಲದಂತೆ, ಎಲ್ಲರಿಗೂ ಒಂದು. ಹೊಟ್ಟೆಯ ಆಮ್ಲವೇ ಊಟದ ಜೊತೆ ಬರುವ ರೋಗಾಣುಗಳನ್ನು ಕೊಲ್ಲುವ ಕಾವಲುಗಾರ. ಕರುಳಿನ ಸೋಂಕಿಗೆ ಬಂದವರಲ್ಲಿ ಆ ಕಾವಲುಗಾರನಿಗೆ ನಿದ್ದೆ ಬರಿಸಲು ಕಾರಣ ಬೇಕು, ಇಲ್ಲಿ ಇರಲಿಲ್ಲ. ಹಳದಿ ವಿಟಮಿನ್ ಮನೆಯವರ ಸಮಾಧಾನಕ್ಕೆ.

ಒಂಡಾನ್‌ಸೆಟ್ರಾನ್ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ವಾಂತಿಗೆ ಅದು ಸರಿಯಾದ ಮದ್ದೇ. ಆದರೆ ಅಜ್ಜಿಯ ಪೊಟ್ಯಾಸಿಯಂ 3.0ಕ್ಕೆ ಇಳಿದಿತ್ತು, ಭೇದಿಯಲ್ಲಿ ಸೋರಿ, ಬಿ.ಪಿ. ಮಾತ್ರೆಯಲ್ಲಿ ಇನ್ನಷ್ಟು ಸೋರಿ. ಪೊಟ್ಯಾಸಿಯಂ ಕಡಿಮೆಯಾದ ಹೃದಯ ಒಂದು ಬಡಿತ ಮುಗಿಸಿ ಮುಂದಿನದಕ್ಕೆ ಅಣಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಒಂಡಾನ್‌ಸೆಟ್ರಾನ್ ಆ ಹೊತ್ತನ್ನು ಮತ್ತೂ ಎಳೆಯುತ್ತದೆ. ಎರಡೂ ಕೂಡಿದರೆ ಲಯ ತಪ್ಪಬಹುದು. ವಾಂತಿ ನಿಂತು ಎಂಟು ಗಂಟೆಯಾಗಿತ್ತು, ಚಾರ್ಟ್‌ನಲ್ಲಿ ಮಾತ್ರ ದಿನಕ್ಕೆ ಮೂರು ಬಾರಿ ಎಂದು ಹಾಗೇ ಇತ್ತು. ಬೇಕಿದ್ದರೆ ಮಾತ್ರ ಎಂದು ಬದಲಿಸಿ, ಒಂದು ಇಸಿಜಿ ತೆಗೆದು, ಮೂತ್ರ ಸರಿಯಾಗಿ ಹೋಗುತ್ತಿರುವುದನ್ನು ನೋಡಿಕೊಂಡು ಪೊಟ್ಯಾಸಿಯಂ ತುಂಬಿಸಬೇಕಿತ್ತು.

ನಾವು ಇಷ್ಟು ಬರೆಯುತ್ತಿರುವಾಗಲೇ ಸಿಸ್ಟರ್ ಸಿರಿಂಜಿನಲ್ಲಿ ಸೆಫ್ಟ್ರಿಯಾಕ್ಸೋನ್ ಕಲಸಿ ತಂದು, ರಿಂಗರ್ ಲ್ಯಾಕ್ಟೇಟ್ ಹನಿಯುತ್ತಿದ್ದ ಅದೇ ಟ್ಯೂಬಿನ ಕವಲಿಗೆ ಸಿಕ್ಕಿಸಲು ಹೊರಟಿದ್ದರು. ‘ಸಿಸ್ಟರ್, ಒಂದು ನಿಮಿಷ.’ ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ. ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಹರಳುಗಟ್ಟುತ್ತದೆ, ಕೆಲವೊಮ್ಮೆ ಸುಣ್ಣದ ನೀರಿನಂತೆ ಬೆಳ್ಳಗೆ, ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ಸಣ್ಣಗೆ. ನವಜಾತ ಶಿಶುಗಳು ಇದರಿಂದ ಸತ್ತದ್ದುಂಟು, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ದೊಡ್ಡವರಿಗೆ ಒಂದಾದ ಮೇಲೊಂದು ಕೊಡಬಹುದು, ಡ್ರಿಪ್ ನಿಲ್ಲಿಸಿ, ನಡುವೆ ನಾರ್ಮಲ್ ಸಲೈನ್‌ನಿಂದ ಟ್ಯೂಬ್ ತೊಳೆದು. ಸಿಸ್ಟರ್ ಹಾಗೇ ಮಾಡಿದರು, ನನ್ನತ್ತ ನೋಡಿದ ನೋಟ ಮಾತ್ರ ಅಷ್ಟು ಸಿಹಿಯಾಗಿರಲಿಲ್ಲ. ಇಪ್ಪತ್ತೆಂಟು ಬೆಡ್‌ಗೆ ಇಬ್ಬರು ಸಿಸ್ಟರ್ ಇದ್ದ ಬೆಳಗು ಅದು.

ರೌಂಡ್ಸ್‌ನಲ್ಲಿ ಯೂನಿಟ್ ಚೀಫ್ ನಮ್ಮ ಹಾಳೆಯನ್ನು ಕನ್ನಡಕ ಮೇಲೇರಿಸಿ ಓದಿದರು. ಡೈಕ್ಲೊಫೆನಾಕ್, ಮೆಟ್‌ಫಾರ್ಮಿನ್, ಬಿ.ಪಿ. ಮಾತ್ರೆಗೆ ಆಗಲೇ ಗೆರೆ ಎಳೆದರು. ಒಂಡಾನ್‌ಸೆಟ್ರಾನ್ ತಿದ್ದಿದರು. ಮೆಟ್ರೊನಿಡಜೋಲ್‌ಗೆ ಬಂದಾಗ ಪೆನ್ನು ನಿಂತಿತು. ‘ಸಂಜೆ ತನಕ ನೋಡೋಣ’ ಎಂದರು. ಸಂಜೆ ಅದೂ ಹೋಯಿತು. ಪ್ಯಾಂಟೊಪ್ರಜೋಲ್ ತೆಗೆಯಲು ಒಪ್ಪಲಿಲ್ಲ, ಇಂಜೆಕ್ಷನ್ ಬದಲು ಮಾತ್ರೆ ಮಾಡಿದರು. ನಾನು ವಾದಿಸಲಿಲ್ಲ. ಎಲ್ಲದಕ್ಕೂ ಗೆಲ್ಲಲು ಹೊರಟವನ ಹಾಳೆಯನ್ನು ನಾಳೆ ಯಾರೂ ಓದುವುದಿಲ್ಲ.

ನಲವತ್ತೆಂಟು ಗಂಟೆಗೆ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಮಲದಲ್ಲೂ ರೋಗಕಾರಕ ಸಿಗಲಿಲ್ಲ. ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿದರು. ಕ್ರಿಯಾಟಿನಿನ್ 1.6, ಮರುದಿನ 1.2. ಲ್ಯಾಬ್ ಹಾಳೆಯ ನಕ್ಷತ್ರ ಮಾಯವಾಯಿತು. ಆದರೆ ಸೂತ್ರಕ್ಕೆ ಹಾಕಿದರೆ ಇನ್ನೂ 35. ಹಾಗಾಗಿ ಬಿಡುಗಡೆಯ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಅರ್ಧ ಡೋಸ್‌ಗೆ ಇಳಿಯಿತು. ಬಿ.ಪಿ. ಮಾತ್ರೆಯನ್ನು ಒಂದು ವಾರ ಬಿಟ್ಟು, ರಕ್ತ ಪರೀಕ್ಷೆ ಮಾಡಿಸಿ ಶುರು ಮಾಡುವಂತೆ ಬರೆದರು. ಮುಂದೆ ಯಾವತ್ತಾದರೂ ವಾಂತಿಭೇದಿಯಾದರೆ ಆ ಎರಡು ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರ ಹತ್ತಿರ ಬರಬೇಕೆಂದು ಮಗಳಿಗೆ ಮೂರು ಸಲ ಹೇಳಿದೆವು. ಕಪ್ಪು ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ಸ್ಟ್ರಿಪ್‌ಗಳ ಮೇಲೂ ಬರೆದುಕೊಟ್ಟೆವು. ಮಂಡಿನೋವಿನ ಐದು ಮಾತ್ರೆಗಳನ್ನು ನಮ್ಮ ಹುಡುಗಿ ಕೇಳಿ ಇಸಿದುಕೊಂಡಳು.

ನಾನು ಪಕ್ಕದ ಬೆಡ್‌ನ ಚಾರ್ಟ್ ತಿರುವುತ್ತಿದ್ದೆ. ಸೀರೆ ಬದಲಿಸಿ, ಜವಳಿ ಅಂಗಡಿಯ ಕವರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿ ಆ ಬೆಡ್‌ನವರಿಗೆ ಪಿಸುಗುಟ್ಟಿದ್ದು ಕೇಳಿಸಿತು.

‘ದೊಡ್ಡಾಸ್ಪತ್ರೆ ಅಂತ ಬಂದೆ ಕಣವ್ವ. ಬರೀ ಉಪ್ಪುನೀರು ಕುಡಿಸಿ ಕಳಿಸ್ತಾವ್ರೆ. ಇದ್ದ ಮಾತ್ರೇನೂ ಕಿತ್ಕಂಡ್ರು.’